ವೈಪರ್ ಮೋಟಾರು ಬದಲಿಸುವ ಮುಂಚೆ ರ‍್ಯಾಕ್ ಎಳೆದು ನೋಡಿ

ನನ್ನದು 1972ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡು ವರ್ಷದೊಳಗೆ ಅದರಲ್ಲಿ ಎರಡು ವೈಪರ್ ಮೋಟಾರು ಸತ್ತವು. ಮೊದಲನೆಯದು ಹೋದಾಗ ನನಗೇನೂ ಅನ್ನಿಸಲಿಲ್ಲ. ಅಷ್ಟು ವರ್ಷ ದುಡಿದಿದೆ, ವಯಸ್ಸಾಯಿತು ಅಂದುಕೊಂಡೆ. ಒಂದು ಮಧ್ಯಾಹ್ನ ಕೂತು ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದೆ. ವೈಪರ್ ಓಡಿತು, ಬಾನೆಟ್ ಮುಚ್ಚಿದೆ. ಹದಿನಾಲ್ಕು ತಿಂಗಳಿಗೆ ಆ ಹೊಸದೂ ನಿಂತಿತು. ರಾತ್ರಿ, ಜೋರು ಮಳೆ, ಎದುರಿನಿಂದ ಬರುವ ಲಾರಿಯ ಬೆಳಕು ಗಾಜಿನ ತುಂಬ ಹರಡಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ರಸ್ತೆ ಬದಿಗೆ ತಂದು ನಿಲ್ಲಿಸಿದೆ. ಮೋಟಾರಿನ ಮೇಲೆ ಕೈ ಇಟ್ಟರೆ ಸುಡುತ್ತಿತ್ತು.

ಎರಡನೇ ಸಲ ಬಿಚ್ಚುವಾಗ ನಿಜವಾದ ಕಾರಣ ಸಿಕ್ಕಿತು. ವೈಪರ್ ಆಡಿಸಲು ಮೋಟಾರು ಎಳೆಯುವ ಉಕ್ಕಿನ ಕೇಬಲ್, ಅಂದರೆ ರ‍್ಯಾಕ್ ಕೊಳವೆಯೊಳಗೆ ಒಣಗಿ ಹೋಗಿತ್ತು. ಅದರ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದೆ, ಮುಳ್ಳು 7 ಕಿಲೋ ದಾಟಿತು. ವರ್ಕ್‌ಶಾಪ್ ಕೈಪಿಡಿಯಲ್ಲಿ ಹೇಳಿರುವ ಮಿತಿ 2.7 ಕಿಲೋ. ಅಂದರೆ ಆ ಹೊಸ ಮೋಟಾರಿಗೆ ನಾನು ಮೊದಲ ದಿನದಿಂದಲೇ ಎರಡೂವರೆ ಪಟ್ಟು ಹೊರೆ ಹೊರಿಸಿದ್ದೆ. ಅದಕ್ಕೇ ಈ ಬರಹದಲ್ಲಿ ಮೋಟಾರಿಗಿಂತ ರ‍್ಯಾಕ್ ಬಗ್ಗೆ ಜಾಸ್ತಿ ಮಾತಿದೆ. ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವುದು ಯಾರಿಗಾದರೂ ಬರುತ್ತದೆ. ಮೋಟಾರು ಯಾಕೆ ಸತ್ತಿತು ಅಂತ ಹುಡುಕುವುದೇ ಕೆಲಸ.

ಒಳಗೆ ಏನು ನಡೆಯುತ್ತದೆ

ನನ್ನ ಕಾರಿನಲ್ಲಿ ಇರುವುದು ಲೂಕಸ್ 14ಡಬ್ಲ್ಯೂ ಮೋಟಾರು. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಇದೇ ಇದೆ. ಗಟ್ಟಿ ಮೋಟಾರು, ಚೆನ್ನಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ಒಳಗೆ ತಿರುಗುವ ಭಾಗವಾದ ಆರ್ಮೇಚರ್‌ನ ತುದಿಯಲ್ಲಿ ಸುರುಳಿ ಹಲ್ಲಿನ ವರ್ಮ್ ಇದೆ. ಅದು ಒಂದು ದೊಡ್ಡ ಗೇರನ್ನು ನಿಧಾನವಾಗಿ ತಿರುಗಿಸುತ್ತದೆ. ಗೇರಿನ ಮೇಲಿನ ಪಿನ್ನಿಗೆ ಒಂದು ಕನೆಕ್ಟಿಂಗ್ ರಾಡ್. ರಾಡ್ ಹಿಂದಕ್ಕೂ ಮುಂದಕ್ಕೂ ಹೋದ ಹಾಗೆ ಅದಕ್ಕೆ ಸೇರಿಸಿದ ರ‍್ಯಾಕ್ ಕೂಡ ಹೋಗಿ ಬರುತ್ತದೆ. ರ‍್ಯಾಕ್ ಅಂದರೆ ಬಗ್ಗುವ ಉಕ್ಕಿನ ಕೇಬಲ್. ಮೇಲೆ ಸ್ಪ್ರಿಂಗಿನ ಹಾಗೆ ತಂತಿ ಸುತ್ತಿರುತ್ತದೆ, ಆ ಸುತ್ತುಗಳೇ ಹಲ್ಲು. ಅದು ಲೋಹದ ಕೊಳವೆಯೊಳಗೆ ಸಾಗಿ, ಗಾಜಿನ ಕೆಳಗಿರುವ ವೀಲ್‌ಬಾಕ್ಸ್‌ಗಳ ಪುಟ್ಟ ಗೇರುಗಳನ್ನು ಆಚೀಚೆ ತಿರುಗಿಸುತ್ತದೆ. ವೈಪರ್ ತೋಳುಗಳು ಕೂತಿರುವುದು ಆ ಗೇರುಗಳ ಸ್ಪಿಂಡಲ್ ಮೇಲೆ.

ಈ ಸರಪಳಿಯಲ್ಲಿ ಎಲ್ಲಿ ಬಿಗಿಯಾದರೂ ಭಾರ ಬೀಳುವುದು ಮೋಟಾರಿನ ಮೇಲೆ. ಗ್ರೀಸ್ ವರ್ಷಗಳು ಕಳೆದ ಹಾಗೆ ಮೇಣದಂತೆ ಗಟ್ಟಿಯಾಗುತ್ತದೆ. ಅಷ್ಟಾದ ಮೇಲೆ ಅದು ಜಾರಿಸುವುದಿಲ್ಲ, ಹಿಡಿದುಕೊಳ್ಳುತ್ತದೆ.

ನಿಜವಾಗಲೂ ಮೋಟಾರೇ ಹೋಗಿದೆಯಾ?

ಮೊದಲು ಫ್ಯೂಸ್. ಎಂಜಿಬಿಯಲ್ಲಿ ವೈಪರಿಗೆ ಕರೆಂಟು ಹಸಿರು ವೈರಿನಿಂದ ಬರುತ್ತದೆ. ಇಂಧನದ ಮೀಟರು, ಬ್ರೇಕ್ ಲೈಟು, ಇಂಡಿಕೇಟರುಗಳೂ ಅದೇ ಹಸಿರು ಸರ್ಕ್ಯೂಟಿನವು. ಅವೆಲ್ಲ ಕೆಲಸ ಮಾಡುತ್ತಿದ್ದರೆ ಫ್ಯೂಸ್ ಸರಿಯಿದೆ ಅಂತಲೇ ಅರ್ಥ. ಫ್ಯೂಸ್ ಬದಲಿಸುವುದಿದ್ದರೆ ಒಂದು ಮಾತು ನೆನಪಿರಲಿ. ಹಳೆಯ ಲೂಕಸ್ ಗಾಜಿನ ಫ್ಯೂಸಿನ ಮೇಲೆ 35 ಅಂತ ಇದ್ದರೆ ಅದು 35 ಆಂಪಿಯರಿಗೆ ಸುಡುತ್ತದೆ, ಸತತವಾಗಿ ತಡೆದುಕೊಳ್ಳುವುದು 17 ಆಂಪಿಯರ್ ಮಾತ್ರ. ಇವತ್ತಿನ ಬೇರೆ ಬಗೆಯ 35 ಆಂಪಿಯರ್ ಫ್ಯೂಸನ್ನು ಅಲ್ಲಿ ಹಾಕಿದರೆ ಫ್ಯೂಸಿಗೆ ಮೊದಲು ವೈರೇ ಸುಟ್ಟೀತು.

ಆಮೇಲೆ ಮೋಟಾರಿನ ಪ್ಲಗ್ ಎಳೆಯಿರಿ. ಐದು ಕಾಲುಗಳು ಕಾಣುತ್ತವೆ, ಪಕ್ಕದಲ್ಲಿ ಸಂಖ್ಯೆಗಳಿರುತ್ತವೆ. 1 ಅರ್ಥ್, ಕಪ್ಪು ವೈರು. 2 ಪಾರ್ಕ್ ಸ್ವಿಚ್ಚಿನದು (ಆಫ್ ಮಾಡಿದಾಗ ತೋಳುಗಳನ್ನು ಅವುಗಳ ಜಾಗಕ್ಕೆ ತಂದು ನಿಲ್ಲಿಸುವ ಸ್ವಿಚ್ಚು), ಕಂದು ಮೇಲೆ ತಿಳಿಹಸಿರು ಗೆರೆ. 3 ವೇಗದ ಓಟಕ್ಕೆ, ನೀಲಿ ಮೇಲೆ ತಿಳಿಹಸಿರು. 4 ಕರೆಂಟು ಬರುವ ಹಸಿರು. 5 ಮಾಮೂಲಿ ಓಟಕ್ಕೆ, ಕೆಂಪು ಮೇಲೆ ತಿಳಿಹಸಿರು. ಬ್ಯಾಟರಿಯ ನೆಗೆಟಿವ್‌ನಿಂದ 1ಕ್ಕೆ ಒಂದು ವೈರು, ಪಾಸಿಟಿವ್‌ನಿಂದ ಫ್ಯೂಸ್ ಇರುವ ಇನ್ನೊಂದು ವೈರು 5ಕ್ಕೆ ಕೊಡಿ. ವೈಪರ್ ಓಡಿದರೆ ಮೋಟಾರು ಬದುಕಿದೆ, ದೋಷ ಸ್ವಿಚ್ಚಿನಲ್ಲೋ ವೈರಿನಲ್ಲೋ ಅರ್ಥ್‌ನಲ್ಲೋ ಇದೆ. ವೇಗದ ಓಟ ನೋಡಬೇಕಾದರೆ ಪಾಸಿಟಿವ್ ಅನ್ನು 5ರಿಂದ ತೆಗೆದು 3ಕ್ಕೆ ಕೊಡಿ. ಎರಡಕ್ಕೂ ಒಟ್ಟಿಗೆ ಕೊಡಲೇಬೇಡಿ.

ಪ್ಲಗ್ ಎಳೆದು ಬರೀ ಮಲ್ಟಿಮೀಟರಿನಲ್ಲಿ 12 ವೋಲ್ಟ್ ಕಂಡರೆ ನಂಬಬೇಡಿ. ತುಕ್ಕು ಹಿಡಿದ ಕನೆಕ್ಷನ್ ಕೂಡ ಹೊರೆ ಇಲ್ಲದಿದ್ದಾಗ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಪ್ಲಗ್ ಸಿಕ್ಕಿಸಿ, ಮೋಟಾರು ಓಡುತ್ತಿರುವಾಗ ಪ್ಲಗ್ಗಿನ ಹಿಂದಿನಿಂದ ಅಳೆಯಿರಿ. ನನ್ನ ಕಾರಿನಲ್ಲಿ ಹಾಗೆ ಅಳೆದಾಗ 9.8 ಸಿಕ್ಕಿತು. ಕಪ್ಪು ವೈರಿನ ಅರ್ಥ್ ರಿಂಗು ಬಣ್ಣದ ಮೇಲೆ ಕೂತಿತ್ತು. ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿದ ಮೇಲೆ 12ರ ಹತ್ತಿರ ಬಂತು. ಮೋಟಾರು ರಬ್ಬರ್ ಮೇಲೆ ಕೂತಿರುತ್ತದೆ, ಬಾಡಿಯ ಮೂಲಕ ಅರ್ಥ್ ಸಿಗುತ್ತದೆ ಅಂತ ಲೆಕ್ಕ ಹಾಕುವ ಹಾಗಿಲ್ಲ. ಆ ಕಪ್ಪು ವೈರೇ ಗತಿ.

ನೇರ ಕರೆಂಟು ಕೊಟ್ಟರೂ ಮೋಟಾರು ಗುಂಯ್ ಅಂದು ಅಲ್ಲೇ ನಿಂತರೆ, ಅಥವಾ ಫ್ಯೂಸ್ ಸುಟ್ಟರೆ, ತಕ್ಷಣ ವೈರು ತೆಗೆಯಿರಿ. ರ‍್ಯಾಕನ್ನು ಮೋಟಾರಿನಿಂದ ಬೇರ್ಪಡಿಸದೆ ಇನ್ನು ಏನೂ ಹೇಳಲು ಬರುವುದಿಲ್ಲ.

ಬಿಚ್ಚುವುದು

ಸ್ವಿಚ್ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದ್ದರೆ ತೋಳುಗಳನ್ನು ಪಾರ್ಕ್ ಜಾಗಕ್ಕೆ ತನ್ನಿ. ಬ್ಲೇಡು ಗಾಜಿನ ಮೇಲೆ ಎಲ್ಲಿ ಮಲಗಿದೆ ಅಂತ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ. ಈ ಎರಡು ತುಂಡು ಟೇಪು ಕೊನೆಯಲ್ಲಿ ಅರ್ಧ ಗಂಟೆ ಉಳಿಸುತ್ತದೆ.

ಬ್ಯಾಟರಿ ಬಿಚ್ಚಿ. ನನ್ನ ಕಾರಿನಷ್ಟು ಹಳೆಯ ಎಂಜಿಬಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ನೆಲದ ಕೆಳಗೆ ಇರುತ್ತವೆ. ಅರ್ಥ್ ಕಡೆಯ ತುದಿ ಒಂದನ್ನು ಬಿಚ್ಚಿದರೆ ಸಾಕು.

ತೋಳುಗಳು ಸ್ಪಿಂಡಲಿನ ಸಣ್ಣ ಹಲ್ಲುಗಳ ಮೇಲೆ ಒತ್ತಿ ಕೂತಿರುತ್ತವೆ. ಬುಡದಲ್ಲಿ ಚಿಕ್ಕ ಕ್ಲಿಪ್ ಇದೆ. ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಎತ್ತಿ ಹಿಡಿದು ತೋಳನ್ನು ನೇರ ಮೇಲಕ್ಕೆ ಎಳೆಯಿರಿ. ಬಾಡಿಯ ಮೇಲೆ ಸ್ಕ್ರೂಡ್ರೈವರ್ ಊರಿ ಮೀಟಬೇಡಿ, ಬಣ್ಣ ಚೂರಾಗಿ ಏಳುತ್ತದೆ. ಕೆಳಗೆ ದಪ್ಪ ಬಟ್ಟೆ ಮಡಚಿ ಇಡಿ.

ಈಗ ಮೋಟಾರು. ಗೇರ್‌ಬಾಕ್ಸಿನಿಂದ ಕೊಳವೆ ಹೊರಡುವ ಕಡೆ ದೊಡ್ಡ ನಟ್ ಇದೆ. ಅದನ್ನು ಸಡಿಲಿಸಿ ಹಿಂದಕ್ಕೆ ಸರಿಸಿ. ಪ್ಲಗ್ ತೆಗೆಯಿರಿ. ಹಿಡಿದಿರುವ ಬೋಲ್ಟುಗಳನ್ನು ಬಿಚ್ಚಿ. ಕೆಲವು ಕಾರುಗಳಲ್ಲಿ ಬೋಲ್ಟಿನ ಬದಲು ಲೋಹದ ಪಟ್ಟಿ ಸುತ್ತಿ ಹಿಡಿದಿರುತ್ತದೆ. ಆಮೇಲೆ ಎರಡು ದಾರಿ. ಮೋಟಾರನ್ನು ಹಿಡಿದು ರ‍್ಯಾಕ್ ಸಮೇತ ಕೊಳವೆಯಿಂದ ಎಳೆದು ತೆಗೆಯಬಹುದು. ಇಲ್ಲವೇ ಗೇರ್‌ಬಾಕ್ಸಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಪಿನ್ನಿನ ಮೇಲಿನ ಕ್ಲಿಪ್ಪನ್ನು ಪಕ್ಕಕ್ಕೆ ಜಾರಿಸಿ, ಕನೆಕ್ಟಿಂಗ್ ರಾಡ್ ಎತ್ತಿ, ರ‍್ಯಾಕನ್ನು ಕಾರಿನಲ್ಲೇ ಬಿಟ್ಟು ಮೋಟಾರು ಮಾತ್ರ ತೆಗೆಯಬಹುದು. ರಾಡಿನ ಮೇಲೊಂದು ಕೆಳಗೊಂದು ವಾಷರ್ ಇರುತ್ತದೆ. ಕೆಳಗಿನದು ಗ್ರೀಸಿಗೆ ಅಂಟಿಕೊಂಡು ಬಂದು ಎಲ್ಲೋ ಬಿದ್ದುಹೋಗುತ್ತದೆ, ಹುಷಾರು.

ಎರಡನೇ ದಾರಿ ಬೇಗ ಮುಗಿಯುತ್ತದೆ. ಮೊದಲ ಸಲ ನಾನು ಹಿಡಿದದ್ದು ಅದನ್ನೇ. ಹಾಗಾಗಿಯೇ ರ‍್ಯಾಕಿನ ಮುಖ ನೋಡಲಿಲ್ಲ. ದಯವಿಟ್ಟು ರ‍್ಯಾಕನ್ನು ಪೂರ್ತಿ ಹೊರಗೆ ತೆಗೆಯಿರಿ.

ರ‍್ಯಾಕ್, ಕೊಳವೆ, ವೀಲ್‌ಬಾಕ್ಸ್

ತೆಗೆಯುವ ಮುಂಚೆ ಅಳೆಯಿರಿ. ತೋಳುಗಳು ಇರಬಾರದು, ಮೋಟಾರು ಕಳಚಿರಬೇಕು. ರ‍್ಯಾಕಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. 2.7 ಕಿಲೋದ ಒಳಗೆ ಸರಿದರೆ ಒಳ್ಳೆಯದು. ಜಾಸ್ತಿ ಬಂದರೆ ಆ ಅಂಕಿಯನ್ನು ಬರೆದಿಡಿ. ಶುಚಿ ಮಾಡಿದ ಮೇಲೆ ಮತ್ತೆ ಅಳೆದು ಹೋಲಿಸಲು ಬೇಕಾಗುತ್ತದೆ.

ನನ್ನ ರ‍್ಯಾಕ್ ಹೊರಗೆ ಬಂದಾಗ ಕಂದು ಬಣ್ಣದ ಒಣ ಅಂಟು ಸುತ್ತುಗಳ ಮಧ್ಯೆ ತುಂಬಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಕೊಳವೆಯೊಳಗೆ ಗಟ್ಟಿ ತಂತಿಯ ತುದಿಗೆ ಬಟ್ಟೆ ಕಟ್ಟಿ, ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆ ಶುಭ್ರವಾಗಿ ಬರುವ ತನಕ ಎಳೆದಾಡಿದೆ. ಹದಿನೈದು ಸಲ ಆಗಿರಬೇಕು. ಈ ಕೆಲಸ ಮಾಡುವಾಗ ಹತ್ತಿರ ಬೆಂಕಿ, ಕಿಡಿ ಏನೂ ಬೇಡ.

ಶುಚಿ ಮಾಡಿ ಮತ್ತೆ ಎಳೆದರೆ 4 ಕಿಲೋ. ಇನ್ನೂ ಜಾಸ್ತಿ, ಅಲ್ವಾ? ತಪ್ಪು ವೀಲ್‌ಬಾಕ್ಸಿನಲ್ಲಿತ್ತು. ಪ್ರತಿ ವೀಲ್‌ಬಾಕ್ಸಿಗೂ ಹಿಂದೆ ಒಂದು ತಟ್ಟೆ ಇದೆ, ಎರಡು ನಟ್ ಅದನ್ನು ಹಿಡಿದಿರುತ್ತವೆ. ಕೊಳವೆಯ ಅಗಲಿಸಿದ ತುದಿಗಳು ಆ ತಟ್ಟೆಯ ಕೆಳಗೆ ಕೂರುತ್ತವೆ. ಹಿಂದೆ ಯಾರೋ ಆ ನಟ್ಟುಗಳನ್ನು ಮೈಮೇಲೆ ಬಂದವರ ಹಾಗೆ ಬಿಗಿ ಮಾಡಿದ್ದರು. ತಟ್ಟೆ ಬಾಗಿ ರ‍್ಯಾಕನ್ನು ಅಮುಕುತ್ತಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನ ಮೇಲೆ ಮಲಗಿ, ಕಾಣದ ಜಾಗಕ್ಕೆ ಕೈ ಹಾಕಿ, ಎರಡೂ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದೆ. ತಟ್ಟೆ ಅಲುಗಾಡಬಾರದು, ಆದರೆ ರ‍್ಯಾಕನ್ನು ಅಮುಕಲೂಬಾರದು. ಈ ಸಲ ತಕ್ಕಡಿ 2 ಕಿಲೋದ ಹತ್ತಿರ ತೋರಿಸಿತು. ಆ ಕ್ಷಣದಲ್ಲಿ ಆದ ಸಂತೋಷ ಹೊಸ ಮೋಟಾರು ಕೊಂಡಾಗಲೂ ಆಗಿರಲಿಲ್ಲ.

ಸ್ಪಿಂಡಲುಗಳನ್ನು ಬೆರಳಿನಿಂದ ತಿರುಗಿಸಿಯೂ ನೋಡಿ. ಮಳೆನೀರು ಇಳಿದು ಒಳಗೆ ತುಕ್ಕು ಹಿಡಿದಿದ್ದರೆ ಕರಕರ ಅನ್ನುತ್ತದೆ. ಸ್ಪಿಂಡಲಿನ ಸುತ್ತಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಈಗಲೇ ಬದಲಿಸಿ, ನೀರು ಬರುವುದು ಅಲ್ಲಿಂದಲೇ.

ಇನ್ನೊಂದು ಉಪಯೋಗದ ವಿಷಯ. ವೀಲ್‌ಬಾಕ್ಸಿನ ಗೇರು ಪೂರ್ತಿ ಸುತ್ತುವುದಿಲ್ಲ, ಒಂದೇ ಭಾಗದ ಹಲ್ಲುಗಳು ಮತ್ತೆ ಮತ್ತೆ ಸವೆಯುತ್ತವೆ. ಬ್ಲೇಡುಗಳು ಸಡಿಲವಾಗಿ, ಗಾಳಿ ಬೀಸಿದರೆ ಆಚೀಚೆ ಓಲಾಡುತ್ತಿದ್ದರೆ ಕಾರಣ ಅದೇ. ರ‍್ಯಾಕ್ ಹೊರಗಿರುವಾಗ ಸ್ಪಿಂಡಲನ್ನು ಅರ್ಧ ಸುತ್ತು ತಿರುಗಿಸಿ ಬಿಡಿ. ಸವೆಯದ ಹಲ್ಲುಗಳು ರ‍್ಯಾಕಿನ ಕಡೆಗೆ ಬರುತ್ತವೆ. ಒಂದು ಪೈಸೆ ಖರ್ಚಿಲ್ಲದೆ ಸಡಿಲ ಕಡಿಮೆಯಾಗುತ್ತದೆ.

ಹಳೆಯ ಮೋಟಾರನ್ನು ಎಸೆಯಬೇಡಿ

ಹೊಸದು ಕೈಯಲ್ಲಿದ್ದರೂ ಹಳೆಯದನ್ನು ಒಮ್ಮೆ ಬಿಚ್ಚಿ ನೋಡಿ. ಎಷ್ಟೋ ಮೋಟಾರುಗಳು ಸತ್ತಿರುವುದಿಲ್ಲ, ಒಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡುಗಳು, ಅಂದರೆ ಬ್ರಷ್, ಸವೆದಿರುತ್ತವೆ ಅಷ್ಟೆ. ಬಿಚ್ಚುವ ಮುಂಚೆ ಸಿಲಿಂಡರಿನಾಕಾರದ ಹೊರಕವಚ (ಯೋಕ್) ಮತ್ತು ಗೇರ್‌ಬಾಕ್ಸಿನ ಮೇಲಿನ ಗುರುತುಗಳು ಎದುರುಬದುರಾಗಿವೆಯಾ ನೋಡಿ, ಇಲ್ಲದಿದ್ದರೆ ನೀವೇ ಗೆರೆ ಹಾಕಿ. ಒಳಗಿರುವುದು ಶಾಶ್ವತ ಅಯಸ್ಕಾಂತ. ಯೋಕನ್ನು ಅರ್ಧ ಸುತ್ತು ತಪ್ಪಿ ಕೂರಿಸಿದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ, ಪಾರ್ಕಿಂಗ್ ಕೆಡುತ್ತದೆ. ಪಾಸಿಟಿವ್ ಅರ್ಥ್ ಇರುವ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಸೇರಿಸಿರುವ, ಇನ್ನೂ ಹಳೆಯ ಕಾರಿಗೆ ಈ ಮೋಟಾರು ಹಾಕಲು ಹೊರಟವರಿಗೂ ಇದೇ ತೊಂದರೆ. ಅದಕ್ಕಿಂತ ಹಿಂದಿನ, ಅಯಸ್ಕಾಂತದ ಬದಲು ತಂತಿಯ ಸುರುಳಿ (ಫೀಲ್ಡ್) ಇರುವ ಮೋಟಾರಿಗೆ ಧ್ರುವ ಬದಲಾದರೂ ದಿಕ್ಕು ಬದಲಾಗುತ್ತಿರಲಿಲ್ಲ. ಇದಕ್ಕೆ ಬದಲಾಗುತ್ತದೆ.

ಬಿಚ್ಚುವ ಮೇಜು ಶುಭ್ರವಾಗಿರಲಿ. ಅಯಸ್ಕಾಂತ ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಬ್ರಷ್ ಮೂರು ಇವೆ. ಮುಖ್ಯವಾದ ಎರಡು 4.8 ಮಿಲಿಮೀಟರಿಗೆ ಸವೆದಿದ್ದರೆ ಬದಲಿಸಬೇಕು. ಮೂರನೆಯದು ವೇಗದ ಓಟದ್ದು, ಅದರ ತುದಿ ಕಿರಿದಾಗಿರುತ್ತದೆ. ಆ ಕಿರಿದಾದ ಭಾಗ ಸವೆದು ಪೂರ್ತಿ ಅಗಲದ ಭಾಗ ಕಮ್ಯುಟೇಟರನ್ನು (ಬ್ರಷ್ ಉಜ್ಜುವ, ಆರ್ಮೇಚರಿನ ತಾಮ್ರದ ಭಾಗ) ಮುಟ್ಟುತ್ತಿದ್ದರೆ ಅದರ ಕಾಲ ಮುಗಿಯಿತು. ಕಮ್ಯುಟೇಟರನ್ನು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ನನ್ನ ಮೊದಲ ಮೋಟಾರಿನಲ್ಲಿ ಬ್ರಷ್ಷುಗಳು ಚೆನ್ನಾಗಿದ್ದವು. ಆರ್ಮೇಚರಿನ ತಂತಿ ಕಪ್ಪಾಗಿ, ಸುಟ್ಟ ವಾರ್ನಿಷ್ ವಾಸನೆ ಇನ್ನೂ ಬರುತ್ತಿತ್ತು. ಸುಟ್ಟ ಆರ್ಮೇಚರಿಗೆ ಮನೆಯಲ್ಲಿ ಮದ್ದಿಲ್ಲ. ಆದರೆ ಅದರ ಗೇರು, ರಾಡ್, ಪಾರ್ಕ್ ಸ್ವಿಚ್ಚು ಎಲ್ಲ ಚೆನ್ನಾಗಿದ್ದವು. ಅವನ್ನು ಎತ್ತಿಟ್ಟದ್ದು ಒಳ್ಳೆಯದಾಯಿತು, ಮುಂದೆ ಹೇಳುತ್ತೇನೆ.

ಜೋಡಿಸುವಾಗ ಆರ್ಮೇಚರಿನ ತುದಿಯ ಸಡಿಲ 0.1ರಿಂದ 0.2 ಮಿಲಿಮೀಟರ್ ಇರಬೇಕು. ಹೊಂದಿಸುವ ಸ್ಕ್ರೂ ಇದ್ದರೆ ತಾಗುವ ತನಕ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ತಂದು ಲಾಕ್‌ನಟ್ ಬಿಗಿ ಮಾಡಿದರೆ ಆಯಿತು.

ಬದಲಿ ಮೋಟಾರನ್ನು ಪಕ್ಕಪಕ್ಕ ಇಟ್ಟು ನೋಡಿ

ಹೊರಗಿನಿಂದ ನೋಡಿದರೆ ಎಲ್ಲ 14ಡಬ್ಲ್ಯೂ ಒಂದೇ. ಒಳಗಿನ ಗೇರು ಬೇರೆ ಬೇರೆ. ಗೇರಿನ ಮೇಲೆ ಡಿಗ್ರಿ ಕೊರೆದಿರುತ್ತದೆ. ಪಿನ್ನು ನಡುವಿನಿಂದ ಎಷ್ಟು ದೂರ ಇದೆ ಅನ್ನುವುದರ ಮೇಲೆ ಬ್ಲೇಡು ಎಷ್ಟು ಅಗಲ ಒರೆಸುತ್ತದೆ ಅಂತ ನಿರ್ಧಾರವಾಗುತ್ತದೆ. ಅಮೆರಿಕಕ್ಕೆ ಹೋದ ಎಷ್ಟೋ ಎಂಜಿಬಿಗಳಲ್ಲಿ ಮೂರು ವೈಪರ್ ಇವೆ, ಅವಕ್ಕೆ ಬೇರೆ ಕೋನ. ತಪ್ಪು ಗೇರು ಇದ್ದರೆ ಬ್ಲೇಡು ಗಾಜಿನ ಚೌಕಟ್ಟಿಗೆ ಬಡಿಯುತ್ತದೆ, ಇಲ್ಲವೇ ಕಣ್ಣೆದುರಿನ ಗಾಜನ್ನೇ ಒರೆಸದೆ ಬಿಡುತ್ತದೆ. ಎಡ ಬಲ ಸ್ಟೀರಿಂಗಿನ ಕಾರುಗಳಿಗೆ ಪಾರ್ಕ್ ಆಗುವ ಕಡೆಯೂ ಬದಲಾಗುತ್ತದೆ.

ನನಗೆ ಸಿಕ್ಕ ಮೂರನೇ ಮೋಟಾರು ಬೇರೊಂದು ಕಾರಿನದು. ಗೇರಿನ ಅಂಕಿ ಹೊಂದಲಿಲ್ಲ. ಎತ್ತಿಟ್ಟಿದ್ದ ಹಳೆಯ ಗೇರನ್ನೇ ಶುಚಿ ಮಾಡಿ, ಹೊಸ ಗ್ರೀಸ್ ಹಾಕಿ ಇದಕ್ಕೆ ಕೂರಿಸಿದೆ. ಮೋಟಾರು ಹೊಸದಾಗಿದ್ದರೂ ಮುಚ್ಚಳ ತೆಗೆದು ಗ್ರೀಸ್ ನೋಡುವುದು ಒಳ್ಳೆಯದು.

ಕಾರಿಗೆ ಹಾಕುವ ಮುಂಚೆ ಮೇಜಿನ ಮೇಲೆ ಓಡಿಸಿ. ಮೋಟಾರನ್ನು ಗಟ್ಟಿಯಾಗಿ ಹಿಡಿದಿಡಿ, ಅದು ಎಗರುತ್ತದೆ. ರ‍್ಯಾಕ್ ಇಲ್ಲದೆ ಮಾಮೂಲಿ ಓಟದಲ್ಲಿ ಗೇರು ನಿಮಿಷಕ್ಕೆ 46ರಿಂದ 52 ಸುತ್ತು, ವೇಗದಲ್ಲಿ 60ರಿಂದ 70 ಸುತ್ತು ತಿರುಗಬೇಕು. ಕರೆಂಟು ಮಾಮೂಲಿಯಲ್ಲಿ 1.5 ಆಂಪಿಯರ್, ವೇಗದಲ್ಲಿ 2 ಆಂಪಿಯರ್ ಆಸುಪಾಸು. ಆಂಪಿಯರ್ ಜಾಸ್ತಿ, ಸುತ್ತು ಕಡಿಮೆ ಬಂದರೆ ಒಳಗೆ ಎಲ್ಲೋ ಉಜ್ಜುತ್ತಿದೆ.

ಪಾರ್ಕಿಂಗ್ ಪರೀಕ್ಷೆ ಹೀಗೆ. 1ಕ್ಕೆ ನೆಗೆಟಿವ್, 4ಕ್ಕೆ ಪಾಸಿಟಿವ್ ಕೊಡಿ, 2 ಮತ್ತು 5ನ್ನು ಒಂದು ತುಂಡು ವೈರಿನಿಂದ ಸೇರಿಸಿ. ಮೋಟಾರು ಓಡಿ, ಪಾರ್ಕ್ ಜಾಗಕ್ಕೆ ಬಂದು ಥಟ್ಟನೆ ನಿಲ್ಲಬೇಕು. ಆ ಥಟ್ಟನೆ ನಿಲ್ಲುವುದು ನನಗೆ ತುಂಬ ಇಷ್ಟ. ಗೇರಿನ ಕೆಳಗಿನ ಉಬ್ಬು ಪಾರ್ಕ್ ಸ್ವಿಚ್ಚನ್ನು ಒತ್ತಿದಾಗ ಮೊದಲು ಕರೆಂಟು ಕಡಿಯುತ್ತದೆ, ಮರುಕ್ಷಣ ಅದೇ ಸ್ವಿಚ್ಚು ಆರ್ಮೇಚರಿನ ಎರಡು ತುದಿಗಳನ್ನು ಸೇರಿಸುತ್ತದೆ. ತಿರುಗುತ್ತಿರುವ ಮೋಟಾರು ಜನರೇಟರ್ ಆಗಿ ತನ್ನನ್ನು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಆ ಕಾಲಕ್ಕೆ ಎಷ್ಟು ಚೆಂದದ ಯೋಚನೆ!

ಮತ್ತೆ ಜೋಡಿಸುವುದು

ಪರೀಕ್ಷೆಯಲ್ಲಿ ಪಾರ್ಕ್ ಆದ ಮೋಟಾರನ್ನು ಹಾಗೇ ಇಟ್ಟುಕೊಳ್ಳಿ. ರ‍್ಯಾಕಿಗೆ ಉದ್ದಕ್ಕೂ ಗ್ರೀಸ್ ಹಚ್ಚಿ, ಸುತ್ತುಗಳ ಸಂದಿಗೆ ಬೆರಳಿನಿಂದ ಒತ್ತಿ ತುಂಬಿ. ಕೊಳವೆಗೆ ನಿಧಾನವಾಗಿ ತೂರಿಸುತ್ತಾ ಹೋಗಿ. ವೀಲ್‌ಬಾಕ್ಸ್ ಬಂದಾಗ ತಡೆಯುತ್ತದೆ, ಆಗ ಬಲ ಹಾಕಬೇಡಿ. ಇನ್ನೊಬ್ಬರು ಹೊರಗಿನಿಂದ ಸ್ಪಿಂಡಲನ್ನು ಸ್ವಲ್ಪ ತಿರುಗಿಸಿದರೆ ಹಲ್ಲು ಕಚ್ಚಿಕೊಂಡು ಒಳಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅದು ಮಗಳ ಕೆಲಸ. ಅವಳು ಸ್ಪಿಂಡಲ್ ಮೇಲೆ ಬೆರಳಿಟ್ಟು, ಅದು ತಾನಾಗಿ ತಿರುಗಿದ ಕೂಡಲೇ ಕೂಗಿ ಹೇಳುತ್ತಾಳೆ.

ರಾಡನ್ನು ವಾಷರುಗಳ ಸಮೇತ ಗೇರಿನ ಪಿನ್ನಿಗೆ ಸೇರಿಸಿ, ಕ್ಲಿಪ್ ಮತ್ತು ಮುಚ್ಚಳ ಹಾಕಿ. ಕೊಳವೆಯ ದೊಡ್ಡ ನಟ್ಟನ್ನು ಮೊದಲು ಕೈಯಲ್ಲೇ ಹಿಡಿಸಿ. ಮೋಟಾರಿನ ಬೋಲ್ಟುಗಳನ್ನೂ ಸಡಿಲವಾಗಿಯೇ ಹಾಕಿ. ಕೊಳವೆ ಗೇರ್‌ಬಾಕ್ಸಿಗೆ ನೇರವಾಗಿ, ಎಳೆತವಿಲ್ಲದೆ ಕೂತ ಮೇಲೆ ಮೊದಲು ನಟ್, ಆಮೇಲೆ ಬೋಲ್ಟ್ ಬಿಗಿ ಮಾಡಿ. ಬೋಲ್ಟ್ ಮೊದಲು ಬಿಗಿ ಮಾಡಿದರೆ ಕೊಳವೆ ಓರೆಯಾಗಿ, ಕಷ್ಟಪಟ್ಟು ಇಳಿಸಿದ ಕಿಲೋಗಳೆಲ್ಲ ವಾಪಸ್ ಬರುತ್ತವೆ.

ಪ್ಲಗ್ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ತೋಳುಗಳಿಲ್ಲದೆ ಒಂದೆರಡು ನಿಮಿಷ ಓಡಿಸಿ. ಎರಡೂ ವೇಗ ನೋಡಿ. ಸ್ವಿಚ್ ಆಫ್ ಮಾಡಿ, ಸ್ಪಿಂಡಲುಗಳು ಪಾರ್ಕಿಗೆ ಬಂದು ನಿಲ್ಲಲಿ. ಈಗ ತೋಳುಗಳನ್ನು ಟೇಪಿನ ಗುರುತಿಗೆ ಸರಿಯಾಗಿ ಒತ್ತಿ ಕೂರಿಸಿ. ಸ್ಪಿಂಡಲನ್ನು ಅರ್ಧ ಸುತ್ತು ತಿರುಗಿಸಿದ್ದರೂ ಏನೂ ತೊಂದರೆಯಿಲ್ಲ, ತೋಳು ಯಾವ ಹಲ್ಲಿನ ಮೇಲಾದರೂ ಕೂರುತ್ತದೆ.

ಗಾಜಿನ ಮೇಲೆ ಚೆನ್ನಾಗಿ ನೀರು ಸುರಿದ ಮೇಲೆಯೇ ಸ್ವಿಚ್ ಹಾಕಿ. ಒಣ ಗಾಜಿನ ಮೇಲೆ ಬ್ಲೇಡು ಎಳೆಯುವುದು ಮೋಟಾರಿಗೆ ದೊಡ್ಡ ಹೊರೆ, ಗಾಜಿಗೂ ಗೀರು. ಮೊದಲು ನಿಧಾನದ ಓಟ. ಬ್ಲೇಡು ಚೌಕಟ್ಟಿನಿಂದ ಎರಡೂ ಕಡೆ ದೂರ ಇದೆಯಾ ನೋಡಿ. ಆಮೇಲೆ ವೇಗದ ಓಟ. ವೇಗದಲ್ಲಿ ತೋಳು ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ, ನಿಧಾನದಲ್ಲಿ ಕೂದಲೆಳೆಯಲ್ಲಿ ತಪ್ಪಿದ್ದು ಇಲ್ಲಿ ಬಡಿಯಬಹುದು. ಬಡಿದರೆ ಒಂದು ಹಲ್ಲು ಆಚೆ ಕೂರಿಸಿ.

ಹತ್ತು ನಿಮಿಷ ನೀರು ಹಾಕುತ್ತಾ ಓಡಿಸಿ, ಬಾನೆಟ್ ಎತ್ತಿ ಮೋಟಾರಿನ ಮೇಲೆ ಅಂಗೈ ಇಡಿ. ಬೆಚ್ಚಗಿರಬೇಕು, ಕೈ ಆರಾಮಾಗಿ ಇಟ್ಟುಕೊಳ್ಳುವಷ್ಟು. ಕೈ ಹಿಂದಕ್ಕೆ ಎಳೆದುಕೊಳ್ಳುವ ಹಾಗಾದರೆ ಪ್ಲಗ್ ತೆಗೆದು, ತಕ್ಕಡಿ ಹಿಡಿದು ಮತ್ತೆ ರ‍್ಯಾಕಿನ ಹತ್ತಿರ ಹೋಗಿ. ನಾನು ಈಗಲೂ ಮಳೆಗಾಲದ ಮೊದಲ ವಾರ ಹೀಗೆ ಕೈ ಇಟ್ಟು ನೋಡುತ್ತೇನೆ. ಮೂರನೇ ಮೋಟಾರು ಹಾಕಿ ಐದು ವರ್ಷ ಆಯಿತು, ಇನ್ನೂ ಬೆಚ್ಚಗಷ್ಟೇ ಇದೆ.